ಟ್ರಾಯ್ಬರ್ ಎಂಜಿನ್ನಿಗೆ ಟೊಳ್ಳು ಮಾಡಿಕೊಟ್ಟ ರೊಸೀನಕ್ಕ

ಬೆನ್ಸೀನ್ ಎಣ್ಣೆಯನ್ನು ನಾನು ಹನ್ನೆರಡು ವರ್ಷದಿಂದ ಮಾರುತ್ತಿದ್ದೆ, ಹೆಬ್ಬೆರಳುದ್ದದ ಸೀಸೆಗಳಲ್ಲಿ. ಚರ್ಚಿಗೆ ಹಾಕಿಕೊಳ್ಳುವ ಕರಿ ಕೋಟಿನ ಮೇಲೆ ಸಾರು ಚೆಲ್ಲಿಕೊಂಡವರು ಕಲೆ ತೆಗೆಯಲೆಂದು ಒಂದು ಸೀಸೆ ಒಯ್ದರೆ ಅದು ಅವರ ಮಗನ ಮದುವೆಯವರೆಗೂ ಬರುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಯೂಲಿಯುಸ್ ಟ್ರಾಯ್ಬರ್ ಅಂಗಡಿಗೆ ಬಂದು ಹತ್ತು ಲೀಟರ್ ಕೇಳಿದ.

"ಹತ್ತು ಲೀಟರಾ? ಏನಯ್ಯಾ, ಇಡೀ ಊರಿನ ಕೋಟು ಒಗೆಯೋ ಗುತ್ತಿಗೆ ಹಿಡಿದಿದೀಯಾ?"

"ಕುಡಿಸೋಕೆ ಸಾವ್ಕಾರ್ರೇ. ನನ್ನ ಎಂಜಿನ್ನಿಗೆ."

"ಎಷ್ಟು ದಿನಕ್ಕೊಂದ್ಸಲ ಕುಡಿಯುತ್ತೆ ಅದು?"

"ಓಡಿದ್ರೆ ದಿನಾ."

ದಿನಾ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಯಾವ ವ್ಯಾಪಾರಿಯೂ ಹೊಸ ವಿದ್ಯೆಯನ್ನು ಹಳಿಯುವುದಿಲ್ಲ. ಊರೆಲ್ಲ ಟ್ರಾಯ್ಬರನನ್ನು ಅರೆಹುಚ್ಚ ಎನ್ನುತ್ತಿದ್ದಾಗ ಅವನ ಕಡೆ ಮಾತಾಡಿದವನು ನಾನೊಬ್ಬನೇ. ಅದಕ್ಕೆ ನನ್ನ ದೂರದೃಷ್ಟಿ ಕಾರಣ ಎಂದು ಈಗ ಜನ ಹೇಳುತ್ತಾರೆ. ನಾನು ಅಲ್ಲಗಳೆಯಲು ಹೋಗಿಲ್ಲ.

ಆ ಕಾಲದಲ್ಲಿ ನೆಕರ್ ನದಿಯ ನಮ್ಮ ಸ್ವಾಬಿಯಾ ಸೀಮೆಯಲ್ಲಿ ಎರಡು ಊರಿಗೊಬ್ಬ ಎಂಜಿನ್ ಮಾಡುವವನಿದ್ದ. ಉಳಿದ ಊರುಗಳಲ್ಲಿ ಅವನನ್ನು ನೋಡಿಬಂದು ತಾನೂ ಮಾಡುತ್ತೇನೆ ಎನ್ನುವವನಿದ್ದ. ಟ್ರಾಯ್ಬರ್ ಮೊದಲನೇ ಜಾತಿಯವನು. ರೈನ್ ನದಿಯ ಕಡೆಯ ಒಂದು ಗ್ಯಾಸ್ ಎಂಜಿನ್ ಕಾರ್ಖಾನೆಯಲ್ಲಿ ಹತ್ತು ವರ್ಷ ಮೇಸ್ತ್ರಿಯಾಗಿದ್ದು, ಅಲ್ಲಿಯವರೊಡನೆ ಜಗಳವಾಡಿಕೊಂಡು ಬಂದು, ಮಾವನ ದ್ರಾಕ್ಷಿ ಹಿಂಡುವ ಮನೆಯಲ್ಲಿ ತನ್ನ ಎಂಜಿನ್ ಹೂಡಿಕೊಂಡು ಕೂತಿದ್ದ. ಅದು ಓಡುತ್ತಿತ್ತು, ಸುಳ್ಳಲ್ಲ. ಆದರೆ ಕಾಲು ಗಂಟೆ ಓಡಿತೆಂದರೆ ಸಿಲಿಂಡರ್ ಕಾದು ಕೆಂಪಾಗಿ, ಒಳಗಿನ ಪಿಸ್ಟನ್ ಹಿಡಿದುಕೊಂಡು, ಎಮ್ಮೆ ಕೆಸರಿನಲ್ಲಿ ಕೂತ ಹಾಗೆ ಕೂತುಬಿಡುತ್ತಿತ್ತು. ಸಿಲಿಂಡರಿನ ಸುತ್ತ ತಣ್ಣೀರು ಹರಿಯುವಂತಿದ್ದರೆ ದಿನವಿಡೀ ಓಡುತ್ತದೆ ಎನ್ನುತ್ತಿದ್ದ. ಸ್ಟುಟ್‌ಗಾರ್ಟಿನ ಬಿಯರ್ ಕಾರ್ಖಾನೆಯ ಯಜಮಾನನೊಬ್ಬ, ದಿನವಿಡೀ ಓಡುವುದಾದರೆ ಪೀಪಾಯಿ ಗಾಡಿಗೆ ಕಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದ. ನವೆಂಬರ್ ಹನ್ನೊಂದಕ್ಕೆ ಬರುವ ಮಾರ್ಟಿನ್ ಹಬ್ಬದ ದಿನ ಖುದ್ದಾಗಿ ಬಂದು ಹೊಸ ಸಿಲಿಂಡರನ್ನು ಕಣ್ಣಾರೆ ನೋಡುತ್ತೇನೆಂದೂ ಹೇಳಿಕಳಿಸಿದ್ದ.

ಟ್ರಾಯ್ಬರನ ವಿಷಯ ಬರೆಯಲು ಈಗ ಬೇಕಾದಷ್ಟು ಜನ ಇದ್ದಾರೆ. ಅವನ ಮೀಸೆಯ ಮೇಲೆಯೇ ಒಂದು ಪುಟ ಬರೆದವರಿದ್ದಾರೆ. ನಾನು ಬರೆಯುತ್ತಿರುವುದು ರೊಸೀನಕ್ಕನ ವಿಷಯ. ಎಂಜಿನ್ನಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಟ್ರಾಯ್ಬರನದು. ಕಾಣದೆ ಇರುವ ಒಂದು ಭಾಗ ಅವಳದು.

ರೊಸೀನೆ ಕುರ್ಲೆ, ದ್ರಾಕ್ಷಿ ತೋಟದ ಕೂಲಿಯವನ ಐದನೇ ಮಗಳು. ಹದಿಮೂರನೇ ವಯಸ್ಸಿಗೆ ಶೆಂಪ್ ಎರಕದ ಮನೆಗೆ ಮರಳು ಜರಡಿ ಹಿಡಿಯಲು ಸೇರಿದವಳು. ಈ ಕಥೆ ನಡೆದ ಸಾವಿರದ ಎಂಟುನೂರ ತೊಂಬತ್ತೆರಡರಲ್ಲಿ ಅವಳಿಗೆ ಐವತ್ತೊಂದು. ಗಂಡ ಮೆಲ್ಕಿಯೋರ್ ದ್ರಾಕ್ಷಿ ಬಳ್ಳಿ ಕಟ್ಟುವವನು. ದಿನಕ್ಕೆ ಆರು ಮಾತಾಡುವ ಮನುಷ್ಯ, ಅದರಲ್ಲಿ ಎರಡು ಆಡಿನ ಜೊತೆ. ಮಕ್ಕಳಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಹೊಂದಿಕೊಂಡಿದ್ದರು. ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ಎರಕದ ಮನೆಯಲ್ಲಿ ಅವಳದು ಒಳ ಅಚ್ಚಿನ ಕೆಲಸ. ಕಬ್ಬಿಣದ ಪಂಪು ಎರೆಯಬೇಕೆಂದರೆ ಹೊರಗಿನ ಆಕಾರಕ್ಕೆ ಒಂದು ಅಚ್ಚು ಬೇಕು. ಒಳಗಿನ ಟೊಳ್ಳಿಗೆ ಆ ಟೊಳ್ಳಿನದೇ ಆಕಾರದ ಒಂದು ಮರಳಿನ ಗೊಂಬೆ ಮಾಡಿ, ಒಲೆಯಲ್ಲಿ ಬೇಯಿಸಿ, ಹೊರ ಅಚ್ಚಿನ ನಡುವೆ ಕೂರಿಸಬೇಕು. ಕರಗಿದ ಕಬ್ಬಿಣ ಅದರ ಸುತ್ತ ಹರಿದು ಆರಿದ ಮೇಲೆ ಮರಳನ್ನು ಕುಟ್ಟಿ ಉದುರಿಸಿದರೆ ಟೊಳ್ಳು ತಯಾರು. ಗೊಂಬೆ ಕಬ್ಬಿಣದ ಏಟು ತಡೆಯುವಷ್ಟು ಗಟ್ಟಿ ಇರಬೇಕು, ಆಮೇಲೆ ಉದುರುವಷ್ಟು ಮೆದು ಇರಬೇಕು. ಇಂಥ ಗುಣ ಸೊಸೆಯರಲ್ಲಿ ಹುಡುಕುವವರಿದ್ದಾರೆ, ರೊಸೀನಕ್ಕ ಮರಳಿನಲ್ಲಿ ತರಿಸುತ್ತಿದ್ದಳು.

ಮರಳು ಅಂಟಿಕೊಳ್ಳಲು ಅವಳದೊಂದು ಮಡಕೆಯಿತ್ತು. ಮನೆಯಲ್ಲಿ ಸ್ಪೆಟ್ಸ್ಲೆ ಶಾವಿಗೆ ಬೇಯಿಸಿ ಬಸಿದ ಹಿಟ್ಟಿನ ಗಂಜಿ, ಮೆಲ್ಕಿಯೋರನ ಸೇಬಿನ ಹುಳಿಮದ್ಯದ ಗಸಿ, ನನ್ನ ಅಂಗಡಿಯ ಕಾಕಂಬಿ. ಇದನ್ನು ದಿನಾ ಸ್ವಲ್ಪ ಸ್ವಲ್ಪ ಸುರಿಯುತ್ತ, ತೆಗೆಯುತ್ತ, ಹನ್ನೊಂದು ವರ್ಷ ಆ ಮಡಕೆಯ ತಳ ಕಂಡವರಿರಲಿಲ್ಲ. ಒಳ ಅಚ್ಚಿನ ಕೋಣೆಯ ಮೆಟ್ಟಿಲ ಮೇಲೆ ಅದು ಗುಳುಗುಳು ಅನ್ನುತ್ತ ಕೂತಿರುತ್ತಿತ್ತು. ಅದರ ವಾಸನೆಗೆ ಅಂಚೆಯವನು ಗೇಟಿನಲ್ಲೇ ಕಾಗದ ಕೊಟ್ಟು ಹೋಗುತ್ತಿದ್ದ. ಎರಕದ ಮನೆಯವರೆಲ್ಲ ಆ ಮಡಕೆಯನ್ನು ಚರ್ಚಿನ ಗಂಟೆಯಷ್ಟೇ ನಂಬಿದ್ದರು. ಅದರ ಅಂಟು ಹಾಕಿದ ಗೊಂಬೆ ಒಮ್ಮೆಯೂ ಮುರಿದಿರಲಿಲ್ಲ.

ಆಗಸ್ಟಿನಲ್ಲಿ ಟ್ರಾಯ್ಬರ್ ತನ್ನ ಮರದ ಮಾದರಿಯನ್ನು ಹೊತ್ತುಕೊಂಡು ಎರಕದ ಮನೆಗೆ ಬಂದ. ನಾನು ಅಲ್ಲಿಗೆ ಮಾರಿದ ಕಬ್ಬಿಣದ ಗಾಡಿ ಇಳಿಸಲು ಹೋಗಿದ್ದೆ, ಅಲ್ಲೇ ಇದ್ದೆ.

"ರೊಸೀನಕ್ಕ, ಇದು ಸಿಲಿಂಡರು. ಇದರ ಸುತ್ತ ಇನ್ನೊಂದು ಗೋಡೆ. ಎರಡು ಗೋಡೆ ಮಧ್ಯೆ ನೀರು ಓಡಾಡಬೇಕು. ಆ ಸಂದಿಗೆ ನೀವು ಅಚ್ಚು ಮಾಡ್ಬೇಕು."

"ಸಂದಿ ಎಷ್ಟು?"

ಅವನು ಕಿರುಬೆರಳು ತೋರಿಸಿದ.

"ನಿಮ್ಮ ಬೆರಳಾ, ನನ್ನ ಬೆರಳಾ?"

"ನಂದು."

"ಅಯ್ಯೋ ನಿಮ್ಮದು ಬರೆಯೋರ ಬೆರಳು. ನಿಮ್ಮ ಹೆಂಡ್ತಿ ಬೆರಳಾದ್ರೂ ಇಟ್ಕೊಂಡ್ರೆ ಆಗ್ತಿರ್ಲಿಲ್ವಾ?"

"ಸಂದಿ ಅಗಲ ಆದ್ರೆ ಎಂಜಿನ್ ಭಾರ ಆಗುತ್ತಕ್ಕ. ಗಾಡಿ ತನ್ನನ್ನೇ ಎಳ್ಕೊಂಡು ಹೋಗಕ್ಕಾಗಲ್ಲ, ಇನ್ನು ಪೀಪಾಯಿ ಎಲ್ಲಿ ಎಳೆಯುತ್ತೆ?"

ಅವಳು ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆ ಸಂದಿಯ ಆಕಾರದ ಗೊಂಬೆ ಎಂದರೆ ತಳವಿಲ್ಲದ ಒಂದು ಬಟ್ಟಲು, ಗೋಡೆ ಕಿರುಬೆರಳಿನ ದಪ್ಪ, ಮೊಣಕೈ ಉದ್ದ. ಅಂಥದ್ದನ್ನು ಅವಳು ಹಿಂದೆ ಮಾಡಿರಲಿಲ್ಲ. ನಮ್ಮ ಸೀಮೆಯಲ್ಲೇ ಮಾಡಿದವರು ಕಡಿಮೆ. "ಆಗಲ್ಲ ಅಂತ ಹೇಳೋಕೆ ಮೊದಲು ಒಂದು ಮಾಡಿ ನೋಡ್ಬೇಕು," ಅಂದಳು. ಅವಳ ಕಣ್ಣು ಮಾತ್ರ ಆಗಲೇ ಒಪ್ಪಿಕೊಂಡಿತ್ತು.

ಮೊದಲನೇ ಎರಕ ಕೆಟ್ಟಿತು. ಹೊರಗೆ ನೋಡಲು ಚೆಂದ. ಟ್ರಾಯ್ಬರ್ ಒಳಮೈ ಕೊರೆಯುತ್ತ ಹೋದಂತೆ ಗೋಡೆಯ ತುಂಬ ಗುಳ್ಳೆ. ಹುಳು ತಿಂದ ಸೇಬಿನ ಹಾಗೆ. ಎರಡನೆಯದು ಅದಕ್ಕಿಂತ ಕಡೆ. ಮೂರನೆಯದನ್ನು ಕೊರೆಯುವ ಅಗತ್ಯವೇ ಬರಲಿಲ್ಲ, ಮೇಲಿನಿಂದಲೇ ಕಾಣುತ್ತಿತ್ತು.

ಎರಕ ಕೆಟ್ಟರೆ ಮೊದಲು ಕಬ್ಬಿಣವನ್ನು ಬೈಯುವುದು ರೂಢಿ, ಅದು ತಿರುಗಿ ಬೈಯುವುದಿಲ್ಲವಲ್ಲ. ಕಬ್ಬಿಣ ಮಾರಿದವನು ನಾನು. ಎರಕದ ಮನೆಯ ಯಜಮಾನ ಎಬರ್‌ಹಾರ್ಟ್ ಶೆಂಪ್ ಆಗಿನಿಂದ ನನ್ನನ್ನು ಕಂಡರೆ ಟೋಪಿ ಎತ್ತುವುದನ್ನೇ ಬಿಟ್ಟ. ಆಮೇಲೆ ಕಲ್ಲಿದ್ದಲಿಗೆ ಬೈದರು, ಗಾಳಿಗೆ ಬೈದರು. ಒಬ್ಬ ಎರಕದವನು ಚಂದ್ರ ಕ್ಷೀಣಿಸುವಾಗ ಎರೆಯಬಾರದಿತ್ತು ಅಂದ. ಮಡಕೆಯನ್ನು ಯಾರೂ ಬೈಯಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಶೆಂಪ್ ಒಳ ಅಚ್ಚಿನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. ಅವನು ಕೆಟ್ಟವನಲ್ಲ. ಬೇಸರದ ಮಾತನ್ನು ನಿಂತುಕೊಂಡೇ ಹೇಳಿ ಮುಗಿಸುವ ಜಾತಿ.

"ರೊಸೀನೆ, ಇನ್ನೊಂದೇ ಸಲ. ಮಾರ್ಟಿನ್ ಹಬ್ಬದೊಳಗೆ ಸರಿಯಾದ ಸಿಲಿಂಡರ್ ಬರದಿದ್ರೆ ಟ್ರಾಯ್ಬರ್ ಕೆಲಸ ತಗೊಂಡು ಸ್ಟುಟ್‌ಗಾರ್ಟಿಗೆ ಹೋಗ್ತಾನೆ. ಕಬ್ಬಿಣದ ಒಲೆ ಎರೆಯೋ ಕೆಲಸ ಹೋಯ್ತು, ದೊಡ್ಡ ಕಾರ್ಖಾನೆಯವ್ರು ಮಾಡ್ತಾರೆ. ಉಳಿದಿರೋದು ನಾಲ್ಕು ಪಂಪು. ಅದಕ್ಕೆ ಈ ಕೋಣೆ ಬೇಕಾಗಲ್ಲ, ಎರಕದವ್ರೇ ಒಳ ಅಚ್ಚು ಮಾಡ್ಕೋತಾರೆ."

"ಅವ್ರು ಮಾಡೋದಾ? ಅವ್ರು ಮಾಡಿದ ಗೊಂಬೆ ನೋಡಿದ್ರೆ ಮಕ್ಕಳು ಅಳ್ತಾವೆ ಯಜಮಾನ್ರೇ."

"ಅಳಲಿ. ನೀನೂ ಮೂವತ್ತೆಂಟು ವರ್ಷ ದುಡಿದೆ. ಮನೇಲಿ ಆರಾಮಾಗಿ ಇರ್ಬಹುದು."

ಆರಾಮ ಎಂಬ ಮಾತಿಗೆ ಅವಳ ಮುಖ ಇಳಿದುಹೋಯಿತು. ಅವಳಿಗೆ ಕೂಲಿಯದು ದೊಡ್ಡ ಚಿಂತೆಯಲ್ಲ, ಮೆಲ್ಕಿಯೋರನ ತೋಟದಲ್ಲಿ ಇಬ್ಬರ ಹೊಟ್ಟೆಗೆ ಸಾಕಷ್ಟಿತ್ತು. ಕಿಟಕಿಯ ಕೆಳಗಿನ ಆ ಬೀಚ್ ಮರದ ಬೆಂಚು, ಒದ್ದೆ ಮರಳನ್ನು ಹಿಡಿಯಲ್ಲಿ ಹಿಸುಕಿ ಬಿಟ್ಟು ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವ ಬೆಳಗು, "ರೊಸೀನಕ್ಕ, ಇದು ಬರುತ್ತಾ?" ಎಂದು ಕೇಳಿಕೊಂಡು ಬರುವ ದೊಡ್ಡ ದೊಡ್ಡ ಮೀಸೆಗಳು. ಇವನ್ನು ಬಿಟ್ಟು ಮನೆಯಲ್ಲಿ ಕೂರುವುದೆಂದರೆ ಅವಳಿಗೆ ಜೀವ ಇದ್ದೂ ಚಟ್ಟ ಹತ್ತಿದ ಹಾಗೆ. ಹಾಗೆಂದು ಅವಳೇನೂ ನನ್ನ ಹತ್ತಿರ ಹೇಳಲಿಲ್ಲ. ಅವತ್ತು ಕಾಕಂಬಿ ಕೊಳ್ಳಲು ಬಂದವಳು ಚೌಕಾಸಿ ಮಾಡದೆ ಹೋದಳು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಇನ್ನು ಗುಡಿಸುವ ವಾರದ ಮಾತು. ನಮ್ಮಲ್ಲಿ ಒಂದೇ ಅಂಗಳ, ಒಂದೇ ಮೆಟ್ಟಿಲು ಇರುವ ಮನೆಯವರು ವಾರಕ್ಕೊಬ್ಬರಂತೆ ಸರದಿಯ ಮೇಲೆ ಗುಡಿಸಬೇಕು. ಸರದಿಯವರ ಬಾಗಿಲಿಗೆ ಒಂದು ಮರದ ಹಲಗೆ ತೂಗುಬೀಳುತ್ತದೆ. ಶನಿವಾರ ಸಂಜೆ ಎಲ್ಲ ತೊಳೆದು ಮುಗಿಸಿ ಅದನ್ನು ಪಕ್ಕದವರ ಬಾಗಿಲಿಗೆ ದಾಟಿಸಬೇಕು. ಹೆಣ್ಣಿನ ಗುಣವನ್ನು ಅವಳ ಮಾತಿನಿಂದ ಅಳೆಯುವುದಿಲ್ಲ, ಅವಳು ಹಲಗೆ ದಾಟಿಸಿದ ಮೇಲೆ ಅಂಗಳ ಹೇಗಿತ್ತು ಎಂಬುದರಿಂದ ಅಳೆಯುತ್ತಾರೆ. ನಮ್ಮ ಊರಿನಲ್ಲಿ ದೇವರನ್ನು ನಂಬದವನಿಗೆ ಸಾಲ ಕೊಟ್ಟಾರು, ಮೆಟ್ಟಿಲು ತೊಳೆಯದವಳಿಗೆ ಉಪ್ಪು ಕೊಡಲಾರರು.

ಶೆಂಪ್‌ಗೆ ಸೆಪ್ಟೆಂಬರಿನಲ್ಲಿ ಹೊಸ ಸೊಸೆ ಬಂದಿದ್ದಳು, ಪೌಲೀನೆ ಅಂತ, ಇಪ್ಪತ್ತೆರಡರ ಹುಡುಗಿ, ಮೇಲಿನ ಹಳ್ಳಿಯವಳು. ಅತ್ತೆ ಇಲ್ಲದ ಮನೆ, ಎರಕದ ಮನೆಯ ಅಂಗಳದಲ್ಲೇ. ಅವಳ ಪಾಲಿಗೆ ಮೊದಲ ಸಲ ಹಲಗೆ ಬಂತು, ಮಾರ್ಟಿನ್ ಹಬ್ಬದ ಹಿಂದಿನ ವಾರ. ಹುಡುಗಿ ಪಣ ತೊಟ್ಟಳು. ಅಂಗಳ ಗುಡಿಸಿದಳು, ಮೆಟ್ಟಿಲು ಉಜ್ಜಿದಳು, ಬಾವಿಯ ಕಟ್ಟೆ ತೊಳೆದಳು, ಸೌದೆಯನ್ನು ಗಾತ್ರದ ಪ್ರಕಾರ ಜೋಡಿಸಿದಳು. ಕೋಳಿಗಳ ಕಾಲು ತೊಳೆಯುವುದೊಂದು ಉಳಿದಿತ್ತು. ಕೊನೆಗೆ ಒಳ ಅಚ್ಚಿನ ಕೋಣೆಯ ಮೆಟ್ಟಿಲ ಮೇಲೆ ಕರಿಯ ಹೆಪ್ಪುಗಟ್ಟಿದ, ನಾರುವ ಮಡಕೆ ಕಂಡಿತು. ಪಾಪ, ರೊಸೀನತ್ತೆಗೆ ವಯಸ್ಸಾಯಿತು, ಕೈಲಾಗುವುದಿಲ್ಲ ಎಂದುಕೊಂಡು ಚರಂಡಿಗೆ ಸುರಿದು, ಸೋಡಾ ಹಾಕಿ ಕಾಯಿಸಿದ ನೀರಿನಲ್ಲಿ ಮೂರು ಸಲ ಉಜ್ಜಿ, ಬೇಲಿಗೂಟಕ್ಕೆ ಬೋರಲು ಹಾಕಿದಳು.

ಸೋಮವಾರ ಬೆಳಿಗ್ಗೆ ರೊಸೀನಕ್ಕ ಕೆಲಸಕ್ಕೆ ಬಂದಳು. ನಾನು ಶೆಂಪ್ ಹತ್ತಿರ ಕಬ್ಬಿಣದ ವಿಷಯ ಇತ್ಯರ್ಥ ಮಾಡಿಕೊಳ್ಳಲು ಅಂಗಳದಲ್ಲೇ ನಿಂತಿದ್ದೆ. ಅವಳು ಬೇಲಿಯ ಮೇಲಿನ ಮಡಕೆ ನೋಡಿದಳು. ಬೂದುನೀಲಿ ಬಣ್ಣ, ಹೊಟ್ಟೆಯ ಮೇಲೆ ಒಂದು ಹೂವು.

"ಚೆನ್ನಾಗಿದೆ. ಯಾರದಿದು?" ಅಂದಳು.

ಅವಳು ಮೆಟ್ಟಿಲ ಕಡೆ ನೋಡಿದಳು, ಮತ್ತೆ ಬೇಲಿಯ ಕಡೆ ನೋಡಿದಳು. ಆಗ ಗೊತ್ತಾಯಿತು.

"ನಾನೇ ತೊಳೆದಿದ್ದು ರೊಸೀನತ್ತೆ," ಪೌಲೀನೆ ಒಳ್ಳೆ ಮಾತು ಬರುತ್ತದೆಂದು ಕಾಯುತ್ತ ನಿಂತಿದ್ದಳು. "ಅಬ್ಬಾ ಏನು ಹತ್ತಿತ್ತು ಅಂತೀರಿ! ಸ್ಪೂನಲ್ಲಿ ಕೆರೆದೆ."

ಎರಕದವರೆಲ್ಲ ಕೆಲಸ ಬಿಟ್ಟು ಬಾಗಿಲಿಗೆ ಬಂದರು, ಗುಡುಗು ಕೇಳಲು. ಶೆಂಪ್ ಸೊಸೆಯ ಮುಂದೆ ಬಂದು ನಿಂತುಕೊಂಡ, ಏಟು ಬಿದ್ದರೆ ತನಗೆ ಬೀಳಲಿ ಎನ್ನುವ ಹಾಗೆ. ರೊಸೀನಕ್ಕ ಬಾಯಿ ತೆರೆದಳು. ಮುಚ್ಚಿದಳು. ಬೈಯುವುದಾದರೂ ಏನೆಂದು? ನಮ್ಮ ಊರಿನಲ್ಲಿ ತೊಳೆದಳು ಎಂದು ಯಾರನ್ನಾದರೂ ಬೈದದ್ದುಂಟೇ? ಪ್ರಾರ್ಥನೆ ಮಾಡಿದಳು ಎಂದು ಬೈದ ಹಾಗಾಗುತ್ತದೆ.

"ಒಳಗೂ ತೊಳೆದ್ಯಾ?" ಎಂದು ಕೇಳಿದಳು ಕೊನೆಗೆ.

"ಒಳಗೇ ಜಾಸ್ತಿ ತೊಳೆದಿದ್ದು ಅತ್ತೆ."

"ಹೂಂ. ಚೊಕ್ಕಟವಾಗಿದೆ."

ಅಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿಷಯ ತಿಳಿದ ಮೇಲೆ ಪೌಲೀನೆ ಅತ್ತದ್ದು ಅಷ್ಟಿಷ್ಟಲ್ಲ. ಎರೆಯುವುದು ಬುಧವಾರ. ಹಬ್ಬ ಶುಕ್ರವಾರ.

ಮಧ್ಯಾಹ್ನ ರೊಸೀನಕ್ಕ ನನ್ನ ಅಂಗಡಿಗೆ ಬಂದಳು. ಕಾಕಂಬಿಯ ಪೀಪಾಯಿ ಕಡೆ ಹೋಗಲಿಲ್ಲ. ಹಿಟ್ಟಿನ ಮೂಟೆಯ ಮೇಲೆ ಕೂತಳು.

"ಸಾವ್ಕಾರ್ರೇ, ಮೂರು ಎರಕಕ್ಕೂ ಕಬ್ಬಿಣ ಒಂದೇ ಗಾಡೀದು ತಾನೆ?"

"ಒಂದೇ ಗಾಡೀದು. ನಿಮ್ಮ ಯಜಮಾನನಿಗೆ ಅದನ್ನೇ ಬಡ್ಕೊಂಡೆ."

"ಮರಳೂ ಅದೇ ಮರಳು. ಮೊದಲನೇ ಗೊಂಬೆಗೆ ಮಡಕೆಯಿಂದ ಎರಡು ಸೌಟು ಹಾಕ್ದೆ. ತೆಳ್ಳಗಿದೆಯಲ್ಲ, ಮುರಿದೀತು ಅಂತ ಎರಡನೇದಕ್ಕೆ ಮೂರು. ಮೂರನೇದಕ್ಕೆ ನಾಲ್ಕು. ಗುಳ್ಳೆ ಹೇಗೆ ಬಂತು ಹೇಳಿ ನೋಡೋಣ?"

"ಒಂದಕ್ಕಿಂತ ಒಂದು ಜಾಸ್ತಿ."

"ಬಾಗಿಲು ಹಾಕ್ಕೊಂಡು ಖಾಲಿ ಮಡಕೆ ಮುಂದೆ ಇಟ್ಕೊಂಡು ಕೂತಾಗ ಹೊಳೀತು. ಅಂಟು ಜಾಸ್ತಿ ಆದಷ್ಟೂ ಹೊಗೆ ಜಾಸ್ತಿ. ಕಾದ ಕಬ್ಬಿಣ ಮುಟ್ಟಿದ ತಕ್ಷಣ ಅಷ್ಟೂ ಉರಿದು ಹೊಗೆಯಾಗುತ್ತೆ. ಪಂಪಿನ ಗೊಂಬೆ ದಪ್ಪ, ಹೊಗೆ ಹೇಗೋ ನುಸುಳಿ ಹೋಗ್ತಿತ್ತು. ಇದರಲ್ಲಿ ಜಾಗ ಎಲ್ಲಿದೆ? ಕಬ್ಬಿಣದೊಳಗೇ ನುಗ್ಗುತ್ತೆ." ಏಪ್ರನ್ನಿಗಂಟಿದ ಹಿಟ್ಟು ಕೊಡವುತ್ತ, "ನನ್ನ ಮಡಕೇನೇ ಸಾವ್ಕಾರ್ರೇ. ಎರಡು ತಿಂಗಳಿಂದ ನಾನೇ ಕೆಡಿಸ್ತಿದ್ದೆ," ಅಂದಳು.

ನನ್ನ ಕಬ್ಬಿಣದ ಮಾನ ಉಳಿಯಿತೆಂದು ನನಗೆ ಕುಣಿಯುವಷ್ಟಾಯಿತು. ಮುಖದ ಮೇಲೆ ತೋರಿಸಲಿಲ್ಲ. "ಶೆಂಪ್‌ಗೆ ಹೇಳಲಾ?" ಅಂದೆ.

"ಶುಕ್ರವಾರದವರೆಗೆ ಬಾಯಿ ಹೊಲ್ಕೊಂಡಿರಿ. ನಿಮ್ಮ ಕಬ್ಬಿಣಕ್ಕೇನು, ಇನ್ನು ನಾಲ್ಕು ದಿನ ಬೈಸ್ಕೊಂಡ್ರೆ ತುಕ್ಕು ಹಿಡಿಯಲ್ಲ."

"ಹಾಗಾದ್ರೆ ಅಂಟು ಕಡಿಮೆ ಹಾಕಿದ್ರಾಯ್ತಲ್ಲ?"

"ಹಾಕ್ದೆ. ಇವತ್ತಿನ ಸ್ಪೆಟ್ಸ್ಲೆ ಗಂಜಿ, ಒಂದೇ ಚಮಚ ಕಾಕಂಬಿ. ಬೇಯಿಸಿ ಎತ್ತಿದ್ರೆ ಹಾಳಾದ್ದು ಕೈಯಲ್ಲೇ ಎರಡಾಯ್ತು." ಅಂಗಡಿಯ ಸುತ್ತ ಕಣ್ಣಾಡಿಸಿದಳು. "ನಮ್ಮ ಮೈ ಮಾಂಸ ಅಂಟಿನ ಮೇಲೆ ನಿಂತಿದೆಯಾ? ಮೂಳೆ ಇದೆ, ಅದಕ್ಕೆ ನಿಂತಿದೆ. ನಿಮ್ಮ ಹತ್ರ ಇರೋ ತಂತೀಲಿ ಎಲ್ಲಕ್ಕಿಂತ ಸಣ್ಣದು ಯಾವುದು?"

ಹೂಗುಚ್ಛ ಕಟ್ಟುವ ತಂತಿ ತೋರಿಸಿದೆ. ಕೂದಲಿಗಿಂತ ತುಸು ದಪ್ಪ. ಮೆತ್ತಗಿರುತ್ತದೆ, ಎಳೆದ ಕಡೆ ಬರುತ್ತದೆ. ಒಂದು ಸುರುಳಿ ಎತ್ತಿಕೊಂಡು, ಅದರ ತುದಿ ಸೊಟ್ಟಗಿದೆ ಎಂದು ಹೇಳಿ, ಬೆಲೆ ಇಳಿಸಿಕೊಂಡು ಹೋದಳು. ಆಗ ನನಗೆ ಸಮಾಧಾನವಾಯಿತು.

ಆ ತಂತಿಯಲ್ಲಿ ಬಟ್ಟಲಿನಾಕಾರದ ಬಲೆ ಹೆಣೆಯಬೇಕು, ಅದರ ಎರಡೂ ಕಡೆ ಮರಳು ಕೂರಬೇಕು. ಆಮೇಲೆ ಎರಕವಾದ ಮೇಲೆ ಸಿಲಿಂಡರಿನಲ್ಲಿ ನೀರಿಗೆಂದು ಬಿಟ್ಟ ಬೆರಳಗಲದ ತೂತಿನಿಂದ ಇಡೀ ಬಲೆ ಬಿಚ್ಚಿಕೊಂಡು ಹೊರಗೆ ಬರಬೇಕು. ಒಂದು ಎಳೆ ಒಳಗೆ ಸಿಕ್ಕಿಕೊಂಡರೂ ನೀರಿನ ದಾರಿ ಕಟ್ಟಿತು. ರೊಸೀನಕ್ಕನ ಬೆರಳುಗಳು ಮೂವತ್ತೆಂಟು ವರ್ಷದ ಮರಳಿಗೆ ಒಗ್ಗಿದವು, ತಂತಿ ಅವುಗಳ ಮಾತು ಕೇಳಲಿಲ್ಲ. ಮೂರು ಸಲ ಹೆಣೆದಳು, ಮೂರು ಸಲ ಗಂಟು ಬಿತ್ತು. ಕಿಟಕಿಯ ಹೊರಗೆ ಕೆಂಪು ಕಣ್ಣು ಮಾಡಿಕೊಂಡು ಪೌಲೀನೆ ನಿಂತಿದ್ದಳು, ಒಳಗೆ ಬರಲು ಧೈರ್ಯವಿಲ್ಲದೆ.

"ಅತ್ತೆ, ಅದು ಗಂಟು ಹಾಕೋದಲ್ಲ. ಕೊಕ್ಕೆ ಕಡ್ಡೀಲಿ ಕುಣಿಕೆ ಹಾಕ್ಬೇಕು. ಲೇಸು ಹೆಣೀತೀವಲ್ಲ, ಹಾಗೆ. ತುದಿ ಎಳೆದ್ರೆ ಪೂರ್ತಿ ಬಿಚ್ಕೊಳುತ್ತೆ."

ರೊಸೀನಕ್ಕ ತಲೆ ಎತ್ತದೆ ಕೇಳಿದಳು: "ಕಡ್ಡಿ ಇದೆಯಾ ನಿನ್ಹತ್ರ?"

"ಮದುವೆ ಪೆಟ್ಟಿಗೇಲಿ ನಾಲ್ಕಿವೆ."

"ಮತ್ತೆ ಅಲ್ಲಿ ನಿಂತು ಏನ್ ನೋಡ್ತೀಯೆ? ತಗೊಂಡ್ ಬಾ. ಕೈ ತೊಳೀಬೇಡ, ಸಾಕು ತೊಳೆದಿದ್ದು."

ಮಂಗಳವಾರವಿಡೀ ಇಬ್ಬರೂ ಆ ಬೆಂಚಿಗೆ ಅಂಟಿಕೊಂಡಿದ್ದರು. ಹುಡುಗಿ ಹೆಣೆದಳು, ದೊಡ್ಡವಳು ಮರಳು ತುಂಬಿದಳು. ಸಂಜೆ ಒಲೆಯಿಂದ ತೆಗೆದ ಗೊಂಬೆಯನ್ನು ರೊಸೀನಕ್ಕ ಎರಡೇ ಬೆರಳಲ್ಲಿ ಎತ್ತಿ ಹಿಡಿದು ಉಗುರಿನಿಂದ ತಟ್ಟಿದಳು. ಬೆಂದ ಬ್ರೆಡ್ಡಿನ ಹಾಗೆ ಟಕಟಕ ಅಂದಿತು. ನಿಂತಿತು.

ಬುಧವಾರ ಎರೆದರು. ಹಿಂದಿನ ಮೂರು ಸಲ ಅಚ್ಚಿನ ಬಾಯಿಂದ ಕುದಿಯುವ ಸಾರಿನ ಹಾಗೆ ಕಬ್ಬಿಣ ಕೊತಕೊತ ಅಂದಿತ್ತು. ಈ ಸಲ ಎರಡು ಸಲ ಬಿಕ್ಕಿ ಸುಮ್ಮನಾಯಿತು. "ಸುಮ್ನಾಯ್ತಲ್ಲ, ಒಳ್ಳೇದೋ ಕೆಟ್ಟದ್ದೋ?" ಎಂದು ಟ್ರಾಯ್ಬರ್ ಎಲ್ಲರ ಮುಖ ನೋಡಿದ. ರೊಸೀನಕ್ಕ ತನ್ನ ಏಪ್ರನ್ನಿನ ಅಂಚನ್ನು ಸುತ್ತುತ್ತ ನಿಂತಿದ್ದಳು. ಗೋಡೆ ಒಳಗೆ ಏನಾಗಿದೆ ಎಂದು ದೇವರಿಗೇ ಗೊತ್ತಿತ್ತು. ನಾಳೆ ಬೆಳಗ್ಗೆಯವರೆಗೆ ಅವನೂ ಹೇಳುವ ಹಾಗಿರಲಿಲ್ಲ.

ಗುರುವಾರ ಎಂಟು ಗಂಟೆಗೆ ಅಚ್ಚು ಒಡೆದರು. ನಾನು ಅಂಗಡಿಗೆ ಬೀಗ ಹಾಕಿ ಬಂದಿದ್ದೆ, ನನ್ನ ಕಬ್ಬಿಣವೂ ಅದರಲ್ಲಿತ್ತು ನೋಡಿ. ಹೊರಮೈ ನುಣುಪು. ಟ್ರಾಯ್ಬರ್ ಅಲ್ಲೇ ಒಂದು ಕಡೆ ಅರದಿಂದ ಉಜ್ಜಿದ, ಗುಳ್ಳೆ ಇಲ್ಲ. ಇನ್ನೊಂದು ಕಡೆ ಉಜ್ಜಿದ, ಇಲ್ಲ. ರೊಸೀನಕ್ಕ ಅವನನ್ನು ಮೊಣಕೈಯಿಂದ ಸರಿಸಿದಳು.

"ನಿಮ್ಮದು ಆಮೇಲೆ. ಮೊದಲು ನಂದು ಹೊರಗೆ ಬರಲಿ."

ಮರದ ಸುತ್ತಿಗೆಯಿಂದ ತಟ್ಟಿದಳು. ತೂತಿನಿಂದ ಮರಳು ಸುರಿಯಿತು, ಸಕ್ಕರೆ ಮೂಟೆಗೆ ತೂತು ಬಿದ್ದ ಹಾಗೆ, ಧಾರಾಳವಾಗಿ. ಆಮೇಲೆ ತಂತಿಯ ತುದಿ ಹುಡುಕಿ ಹಿಡಿದು ಎಳೆದಳು. ಒಂದು ಮೊಳ ಬಂತು. ಎರಡು ಮೊಳ. ಕುಣಿಕೆ ಕುಣಿಕೆಯಾಗಿ ಬಿಚ್ಚಿಕೊಂಡು ಬರುತ್ತಿತ್ತು. ನಾಲ್ಕನೇ ಮೊಳದಲ್ಲಿ ನಿಂತುಬಿಟ್ಟಿತು.

ಅವಳು ಮೆಲ್ಲಗೆ ಜಗ್ಗಿದಳು. ಬರಲಿಲ್ಲ. ಒಬ್ಬ ಎರಕದವನು ಇಕ್ಕಳ ತಂದ. "ಇಕ್ಕಳ ತಗೊಂಡ್ ಹೋಗಿ ನಿನ್ನ ಹಲ್ಲಿಗೆ ಹಾಕ್ಕೊ," ಅಂದಳು. ತಂತಿಯ ತುದಿಯನ್ನು ಪೌಲೀನೆಯ ಕಡೆ ಚಾಚಿದಳು. "ಹೆಣೆದವಳು ನೀನು. ಎಲ್ಲಿ ಹಿಡ್ಕೊಂಡಿದೆ ಅಂತ ನಿನ್ನ ಬೆರಳಿಗೆ ಗೊತ್ತಿರುತ್ತೆ."

ಹುಡುಗಿ ಕಣ್ಣು ಮುಚ್ಚಿಕೊಂಡು ತಂತಿಯನ್ನು ಅರ್ಧ ಬೆರಳು ಒಳಕ್ಕೆ ನೂಕಿದಳು, ಎಡಕ್ಕೆ ತಿರುವಿದಳು, ಎಳೆದಳು. ಉಳಿದದ್ದೆಲ್ಲ ಸರ್ರನೆ ಬಂತು. ಕೊನೆಯ ತುದಿ ನೆಲಕ್ಕೆ ಬಿದ್ದಾಗ ರೊಸೀನಕ್ಕ ಅದನ್ನು ಎತ್ತಿ, ತುಂಡಾಗಿಲ್ಲವೆಂದು ನೋಡಿ, ಚೆಂಬಿನಲ್ಲಿ ನೀರು ತರಿಸಿ ಮೇಲಿನ ತೂತಿಗೆ ಸುರಿದಳು. ಸಿಲಿಂಡರಿನ ಹೊಟ್ಟೆ ಗುಟುಕು ಗುಟುಕಾಗಿ ಕುಡಿಯಿತು. ಕೆಳಗಿನ ತೂತಿನಿಂದ ಮೊದಲು ಕೆಸರು, ಆಮೇಲೆ ಕಂದು, ಆಮೇಲೆ ತಿಳಿನೀರು ಧಾರೆಯಾಗಿ ಬಂದು ಟ್ರಾಯ್ಬರನ ಬೂಟು ತೊಯ್ಯಿಸಿತು. ಅವನು ಕಾಲು ಹಿಂದೆ ತೆಗೆಯಲಿಲ್ಲ.

ಶೆಂಪ್ ಬಗ್ಗಿ ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಬಂದ. ಇನ್ನೊಮ್ಮೆ ಬಗ್ಗಿ ನೋಡಿ, ಏನೂ ಹೇಳದೆ ಕಚೇರಿಗೆ ಹೋದ. ಹೊರಗಿನವರಿಗೆ ಇದು ಒರಟುತನ ಅನ್ನಿಸೀತು. ನಮ್ಮ ಸ್ವಾಬಿಯಾದಲ್ಲಿ ಬೈಯಲಿಲ್ಲ ಎಂದರೆ ಹೊಗಳಿದ ಹಾಗೆ. ಎರಡು ಸಲ ಬಗ್ಗಿ ನೋಡಿಯೂ ಬೈಯಲಿಲ್ಲ ಎಂದರೆ ಹಾರ ಹಾಕಿದ ಹಾಗೆ. ರೊಸೀನಕ್ಕನ ಕಿವಿ ಕೆಂಪಾದವು.

ಹಬ್ಬದ ದಿನ ಬಿಯರ್ ಯಜಮಾನ ಬಂದು, ಸಿಲಿಂಡರಿಗೆ ತಾನೇ ನೀರು ಸುರಿದು ನೋಡಿ, ಹೆಬ್ಬಾತಿನ ಊಟ ಮಾಡಿ, ಆರು ಎಂಜಿನ್ನಿಗೆ ಮಾತು ಕೊಟ್ಟು ಹೋದ. ಟ್ರಾಯ್ಬರ್ ಎದ್ದು ನಿಂತು ಭಾಷಣ ಮಾಡಿದ. ದೇವರಿಗೆ, ತಾಯ್ನಾಡಿಗೆ, ವಿಜ್ಞಾನಕ್ಕೆ ಮತ್ತು ಮಾವನಿಗೆ ವಂದಿಸಿದ. ಕಬ್ಬಿಣದ ಹೆಸರೂ ಬಂತು, ನನಗೆ ಸಾಕಾಯಿತು. ಒಳ ಅಚ್ಚಿನ ಮಾತು ಬರಲಿಲ್ಲ.

"ನಿಮ್ಮ ಹೆಸರು ಬಿಟ್ಟುಬಿಟ್ನಲ್ಲ ಅಕ್ಕ," ಎಂದು ನಾನು ಕೆಣಕಿದೆ.

"ಟೊಳ್ಳಿಗೆ ಯಾರಾದ್ರೂ ಹೆಸರಿಡ್ತಾರಾ ಸಾವ್ಕಾರ್ರೇ? ಅವ್ನು ಆರು ಸಿಲಿಂಡರ್ ಅಂದ್ನೋ ಇಲ್ವೋ? ಅದನ್ನ ಕೇಳಿಸ್ಕೊಂಡೆ. ಉಳಿದಿದ್ದು ಗಾಳಿ."

ಮಡಕೆಯ ಗುಟ್ಟನ್ನು ಅವತ್ತೇ ತಾನಾಗಿ ಶೆಂಪ್‌ಗೆ ಹೇಳಿದಳಂತೆ. ಅವನು ಅದಕ್ಕೂ ಬೈಯಲಿಲ್ಲ. ಸೋಮವಾರ ನನಗೆ ಟೋಪಿ ಎತ್ತಿದ. ಅದೇ ದಿನ ಬಡಗಿಯನ್ನು ಕರೆಸಿ, ಒಳ ಅಚ್ಚಿನ ಕೋಣೆಯಲ್ಲಿ ಹಳೆಯ ಬೆಂಚಿನ ಪಕ್ಕಕ್ಕೆ ಇನ್ನೊಂದು ಬೆಂಚು ಹಾಕಲು ಹೇಳಿದ. ಆರು ಸಿಲಿಂಡರೆಂದರೆ ಒಬ್ಬಳ ಕೈಲಾಗುವ ಕೆಲಸವಲ್ಲ, ಮತ್ತು ತನ್ನ ಸೊಸೆ ಮನೆಯಲ್ಲಿದ್ದರೆ ಗೋಡೆಯ ಸುಣ್ಣವನ್ನೂ ತೊಳೆದುಹಾಕುತ್ತಾಳೆ ಎಂಬ ಹೆದರಿಕೆ ಅವನಿಗಿತ್ತು.

ನಾನು ತಂತಿಯ ಹೊಸ ಸುರುಳಿ ಕೊಡಲು ಹೋದಾಗ ಬಡಗಿ ಅಳತೆ ತೆಗೆಯುತ್ತಿದ್ದ. ಹಳೆಯ ಬೆಂಚಿನ ಎತ್ತರವನ್ನೇ ಗುರುತು ಹಾಕಿಕೊಳ್ಳುತ್ತಿದ್ದುದನ್ನು ನೋಡಿ ರೊಸೀನಕ್ಕ ಮರಳಿನ ಕೈಯಿಂದಲೇ ಅವನ ಗಜಕಡ್ಡಿ ಕಿತ್ತುಕೊಂಡಳು.

"ಅದು ನನ್ನೆತ್ತರ ಕಣಯ್ಯಾ. ಇವಳು ಜಿರಾಫೆ ಹಂಗಿದಾಳೆ, ನನ್ನ ಬೆಂಚಲ್ಲಿ ನಿಂತ್ರೆ ಮೂವತ್ತಕ್ಕೇ ಗೂನು ಬರುತ್ತೆ. ಬಾರೆ ಇಲ್ಲಿ, ನೆಟ್ಟಗೆ ನಿಂತ್ಕೊ."

ಪೌಲೀನೆ ನಿಂತಳು. ರೊಸೀನಕ್ಕ ಅವಳ ಸೊಂಟದ ಹತ್ತಿರ ಕಡ್ಡಿ ಹಿಡಿದು, ಒಂದು ಬೆರಳು ಕೆಳಗಿಳಿಸಿ, ಬಡಗಿಗೆ ತೋರಿಸಿದಳು. ಆಮೇಲೆ ತನ್ನ ಬೆಂಚಿಗೆ ತಿರುಗಿ ಎರಡನೇ ಸಿಲಿಂಡರಿನ ಗೊಂಬೆಗೆ ಮರಳು ಹಿಸುಕತೊಡಗಿದಳು.